ಗಿಟ್‌ನಲ್ಲಿ ದತ್ತಾಂಶವನ್ನು ಇಡುವುದು, ಹಂಚುವುದು, ಮತ್ತೆ ಪಡೆಯುವುದು: ಒಂದು ಸಮಗ್ರ ಮಾರ್ಗದರ್ಶಿ

ಎರಡು ವರ್ಷದ ಹಿಂದಿನ ಕಮಿಟ್ ಒಂದನ್ನು ಚೆಕ್‌ಔಟ್ ಮಾಡಿದರೆ ಆ ದಿನದ ಕೋಡ್ ಅಕ್ಷರಶಃ ಮರಳಿ ಬರುತ್ತದೆ. ಆ ಕೋಡ್ ಆ ದಿನ ಓದಿದ ದತ್ತಾಂಶವೂ ಹಾಗೆಯೇ ಮರಳಿ ಬರುತ್ತದೆಯೇ ಎಂದು ಕೇಳಿದರೆ ಬಹುಪಾಲು ಯೋಜನೆಗಳಲ್ಲಿ ಉತ್ತರವಿರುವುದಿಲ್ಲ, ಏಕೆಂದರೆ ದತ್ತಾಂಶವು ರೆಪೊಸಿಟರಿಯ ಹೊರಗೆ ಎಲ್ಲೋ ಇರುತ್ತದೆ ಮತ್ತು ಅದನ್ನು ಯಾರು ಯಾವಾಗ ತಿದ್ದಿದರು ಎಂಬುದಕ್ಕೆ ದಾಖಲೆ ಇರುವುದಿಲ್ಲ. ಇಲ್ಲಿ ಬಿಡಿಸಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಇದು ಯಾವ ದತ್ತಾಂಶ, ಅದರ ಪ್ರತಿಗಳು ಎಲ್ಲೆಲ್ಲಿವೆ, ಅದು ಹೇಗೆ ತಯಾರಾಯಿತು. ನಾನು ನೋಡಿದ ಹೆಚ್ಚಿನ ಗೊಂದಲಗಳಿಗೆ ಮೊದಲೆರಡು ಪ್ರಶ್ನೆಗಳನ್ನು ಒಂದೇ ಎಂದು ಭಾವಿಸಿರುವುದೇ ಕಾರಣವಾಗಿತ್ತು.

ಆದೇಶಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳನ್ನು ರೋಮನ್ ಲಿಪಿಯಲ್ಲಿಯೇ ಟೈಪಿಸಬೇಕು. ಗಿಟ್‌ನ ಕಮಿಟ್, ಪುಶ್, ಕ್ಲೋನ್‌ಗಳ ಪರಿಚಯ ಓದುಗರಿಗೆ ಇದೆ ಎಂದು ಭಾವಿಸಿದ್ದೇನೆ.

ಗಿಟ್‌ಗೆ ದೊಡ್ಡ ಕಡತ ಏಕೆ ಒಗ್ಗುವುದಿಲ್ಲ

ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದದ್ದು ಲಿನಕ್ಸ್ ಕರ್ನಲ್‌ನ ಮೂಲ ಕೋಡ್‌ಗಾಗಿ, ಎಂದರೆ ಸಣ್ಣ ಗಾತ್ರದ, ಸಾವಿರಾರು ಪಠ್ಯ ಕಡತಗಳಿಗಾಗಿ. ಅದು ಪ್ರತಿ ಕಡತದ ಒಳವಸ್ತುವಿಗೆ "ಬ್ಲಾಬ್" ಎಂಬ ಪದವನ್ನೂ ಬೈಟ್‌ಗಳ ಎಣಿಕೆಯನ್ನೂ ಮುಂದೆ ಸೇರಿಸಿ, ಒಟ್ಟಿಗೆ ಎಸ್‌ಎಚ್‌ಎ-1 ಎಂಬ ಸೂತ್ರದಿಂದ ಲೆಕ್ಕ ಹಾಕಿ, ಬರುವ 40 ಅಕ್ಷರಗಳ ಹ್ಯಾಶ್ (ಬೈಟ್‌ಗಳ ಬೆರಳಚ್ಚಿನಂಥ ಗುರುತು) ಅನ್ನೇ ಆ ವಸ್ತುವಿನ ಹೆಸರಾಗಿ ಇಟ್ಟುಕೊಳ್ಳುತ್ತದೆ. ಒಂದು ಬೈಟ್ ಬದಲಾದರೂ ಹೆಸರು ಪೂರ್ತಿ ಬದಲಾಗುತ್ತದೆ. ಕಮಿಟ್‌ನ ಹ್ಯಾಶ್ ತನ್ನ ಕೆಳಗಿನ ಎಲ್ಲ ಕಡತಗಳ ಹ್ಯಾಶ್‌ಗಳಿಂದಲೂ ಹಿಂದಿನ ಕಮಿಟ್‌ನ ಹ್ಯಾಶ್‌ನಿಂದಲೂ ಹುಟ್ಟುವುದರಿಂದ, ಒಂದೇ ಒಂದು ಕಮಿಟ್ ಸಂಖ್ಯೆಯು ಇಡೀ ಯೋಜನೆಯ ಸ್ಥಿತಿಯನ್ನು ಗುರುತಿಸುತ್ತದೆ. ದತ್ತಾಂಶಕ್ಕೆ ನಮಗೆ ಬೇಕಾದದ್ದೂ ಇದೇ ಗುಣ.

ತೊಂದರೆ ಇರುವುದು ಶೇಖರಣೆಯಲ್ಲಿ. ಗಿಟ್ ಕ್ಲೋನ್ ಎಂದರೆ ಪೂರ್ತಿ ಚರಿತ್ರೆಯ ಪ್ರತಿ. ಪಠ್ಯ ಕಡತಗಳಲ್ಲಿ ಆವೃತ್ತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಇಟ್ಟುಕೊಂಡು ಗಿಟ್ ಜಾಗ ಉಳಿಸುತ್ತದೆ; ಆದರೆ ಈಗಾಗಲೇ ಸಂಕುಚಿತಗೊಂಡ ಚಿತ್ರ, ಧ್ವನಿ, ಜಿಪ್ ಕಡತಗಳಲ್ಲಿ ಈ ಉಪಾಯ ನಡೆಯುವುದಿಲ್ಲ, ಮತ್ತು 512 ಎಂಬಿ ಮೀರಿದ ಕಡತಗಳಿಗೆ ಗಿಟ್ ಡೀಫಾಲ್ಟ್ ಆಗಿ ಆ ಪ್ರಯತ್ನವನ್ನೇ ಮಾಡುವುದಿಲ್ಲ. 300 ಎಂಬಿಯ ಸಂಕುಚಿತ ಕಡತವೊಂದನ್ನು ಹತ್ತು ಬಾರಿ ತಿದ್ದಿ ಕಮಿಟ್ ಮಾಡಿದರೆ ಪ್ರತಿಯೊಬ್ಬರ ಕ್ಲೋನ್‌ನಲ್ಲೂ ಸುಮಾರು 3 ಜಿಬಿ ಕುಳಿತುಕೊಳ್ಳುತ್ತದೆ. ಮುಂದಿನ ಕಮಿಟ್‌ನಲ್ಲಿ ಅದನ್ನು ಅಳಿಸಿದರೂ ಚರಿತ್ರೆಯಿಂದ ಅದು ಹೋಗುವುದಿಲ್ಲ. ಗಿಟ್‌ಹಬ್ ಅಂತೂ 100 ಎಂಬಿ ದಾಟಿದ ಕಡತವಿರುವ ಪುಶ್ ಅನ್ನೇ ತಿರಸ್ಕರಿಸುತ್ತದೆ.

ಹಾಗಾಗಿ ಗುರುತನ್ನು ಗಿಟ್‌ನ ಒಳಗೆ, ವಸ್ತುವನ್ನು ಹೊರಗೆ ಇಡುವುದು ಪರಿಹಾರ. ಇದಕ್ಕಾಗಿ ಬಂದಿರುವ ಎಲ್ಲ ಸಲಕರಣೆಗಳೂ ಈ ಒಂದೇ ಯೋಚನೆಯ ಮೇಲೆ ನಿಂತಿವೆ. "ಹೊರಗೆ" ಎಂದರೆ ಎಲ್ಲಿ ಎಂಬುದಕ್ಕೆ ಅವು ಕೊಡುವ ಉತ್ತರ ಮಾತ್ರ ಬೇರೆ.

ಸಲಕರಣೆಯ ಆಯ್ಕೆ

2015ರಲ್ಲಿ ಬಂದ ಗಿಟ್ ಎಲ್‌ಎಫ್‌ಎಸ್ ದೊಡ್ಡ ಕಡತದ ಜಾಗದಲ್ಲಿ ಮೂರು ಸಾಲಿನ ಒಂದು ಪುಟ್ಟ ಸೂಚಕವನ್ನು ಇಡುತ್ತದೆ: ಆವೃತ್ತಿ, ಎಸ್‌ಎಚ್‌ಎ-256 ಹ್ಯಾಶ್, ಗಾತ್ರ. ಅಸಲು ವಸ್ತು ಎಲ್‌ಎಫ್‌ಎಸ್ ಸರ್ವರ್‌ಗೆ ಹೋಗುತ್ತದೆ. ತಂಡದ ಎಲ್ಲರೂ ಒಂದೇ ಹೋಸ್ಟಿಂಗ್ ಸೇವೆಯಲ್ಲಿದ್ದು, ಒಂದಿಷ್ಟು ಚಿತ್ರಗಳನ್ನೋ ವಿನ್ಯಾಸದ ಕಡತಗಳನ್ನೋ ಇಡಬೇಕಿದ್ದರೆ ಇದು ಸಾಕು, ಬೇರೆಯದರ ಗೊಡವೆ ಬೇಡ. ಆದರೆ ಸರ್ವರ್ ಇಲ್ಲವಾದ ದಿನ ವಸ್ತುವೂ ಇಲ್ಲವಾಗುತ್ತದೆ. ವಿಕೇಂದ್ರೀಕೃತ ವ್ಯವಸ್ಥೆಯೊಂದಕ್ಕೆ ಮತ್ತೆ ಒಂದು ಕೇಂದ್ರವನ್ನು ಕಟ್ಟಿದಂತಾಯಿತು.

ಡಿವಿಸಿ ಎಂಬುದು ಯಂತ್ರಕಲಿಕೆಯವರ ನಡುವೆ ಹೆಚ್ಚು ಬಳಕೆಯಲ್ಲಿದೆ. ಅದು ಪ್ರತಿ ದತ್ತಾಂಶಕ್ಕೆ ಹ್ಯಾಶ್ ಇರುವ ಒಂದು ಚಿಕ್ಕ ಕಡತವನ್ನು ಸೃಷ್ಟಿಸುತ್ತದೆ ಮತ್ತು ಸಂಸ್ಕರಣೆಯ ಹಂತಗಳನ್ನೂ ದಾಖಲಿಸಿಕೊಳ್ಳುತ್ತದೆ. ಮರ್ಕ್ಯುರಿಯಲ್ ಬಳಸುವವರಿಗೆ ಲಾರ್ಜ್‌ಫೈಲ್ಸ್ ವಿಸ್ತರಣೆ ಇದೆ.

ಮೂರನೆಯದು ಜೋಯಿ ಹೆಸ್ 2010ರಲ್ಲಿ ಹ್ಯಾಸ್ಕೆಲ್ ಭಾಷೆಯಲ್ಲಿ ಬರೆಯತೊಡಗಿದ ಗಿಟ್-ಅನೆಕ್ಸ್. ಯಾವ ವಸ್ತುವಿನ ಪ್ರತಿ ಯಾವ ಯಾವ ಕ್ಲೋನ್‌ನಲ್ಲಿ, ಡಿಸ್ಕ್‌ನಲ್ಲಿ, ಕ್ಲೌಡ್‌ನಲ್ಲಿ ಇದೆ ಎಂಬ ಲೆಕ್ಕವನ್ನು ಅದು ಗಿಟ್‌ನಲ್ಲಿಯೇ ಇಡುವುದರಿಂದ ಯಾವುದೇ ಒಂದು ಸರ್ವರ್‌ನ ಹಂಗು ಇರುವುದಿಲ್ಲ. ಕಲಿಯಲು ಇದು ಉಳಿದವಕ್ಕಿಂತ ಕಷ್ಟ, ವಿಂಡೋಸ್‌ನಲ್ಲಿ ಕಿರಿಕಿರಿಯೂ ಉಂಟು. ಆದರೂ ದೀರ್ಘಕಾಲ ಉಳಿಯಬೇಕಾದ ದತ್ತಾಂಶಕ್ಕೆ ನಾನು ಆರಿಸುವುದು ಇದನ್ನೇ, ಮತ್ತು ಮುಂದಿನ ಹಂತಗಳೆಲ್ಲ ಇದರ ಮೇಲೆಯೇ ಇವೆ.

ಒಳಗೆ ಹಾಕುವ ಮುನ್ನ: ಒಂದೇ ವಸ್ತುವಿಗೆ ಒಂದೇ ಹ್ಯಾಶ್ ಬರಬೇಕು

ಈ ಹಂತವನ್ನು ಹಾರಿಸಿಬಿಡುವವರೇ ಹೆಚ್ಚು. ಗುರುತು ಬೈಟ್‌ಗಳಿಂದ ಬರುವುದಾದರೆ, ನಮ್ಮ ಕಣ್ಣಿಗೆ ಒಂದೇ ಆಗಿರುವ ಎರಡು ಕಡತಗಳು ಬೈಟ್‌ಗಳ ಮಟ್ಟದಲ್ಲೂ ಒಂದೇ ಆಗಿರಬೇಕು. ಸಾಮಾನ್ಯವಾಗಿ ಹಾಗಿರುವುದಿಲ್ಲ.

ಜೀಜಿಪ್ ಅನ್ನೇ ತೆಗೆದುಕೊಳ್ಳೋಣ. ಒಂದು ಸಿಎಸ್‌ವಿ ಕಡತವನ್ನು ಜೀಜಿಪ್‌ನಿಂದ ಸಂಕುಚಿಸಿದಾಗ ಹೊರಬರುವ ಕಡತದ ಐದರಿಂದ ಎಂಟನೆಯ ಬೈಟ್‌ಗಳಲ್ಲಿ ಮೂಲ ಕಡತವನ್ನು ಕೊನೆಯ ಬಾರಿ ಬದಲಿಸಿದ ಸಮಯ ದಾಖಲಾಗುತ್ತದೆ; ಅದರ ಜೊತೆಗೆ ಮೂಲ ಕಡತದ ಹೆಸರೂ ಶಿರೋಭಾಗದಲ್ಲಿ ಸೇರುತ್ತದೆ. ಗಿಟ್ ಮಾತ್ರ ಕಡತದ ಸಮಯವನ್ನು ದಾಖಲಿಸುವುದೇ ಇಲ್ಲ. ಹೊಸದಾಗಿ ಕ್ಲೋನ್ ಮಾಡಿದಾಗ ಎಲ್ಲ ಕಡತಗಳಿಗೂ ಆ ಕ್ಷಣದ ಸಮಯವೇ ಬರುತ್ತದೆ. ಆದ್ದರಿಂದ ನೀವು ಸಂಕುಚಿಸಿದ ಕಡತ ಮತ್ತು ನಿಮ್ಮ ಸಹೋದ್ಯೋಗಿ ಅದೇ ಸಿಎಸ್‌ವಿಯಿಂದ ಸಂಕುಚಿಸಿದ ಕಡತ, ಒಳಗಿನ ಒಂದಕ್ಷರವೂ ಬೇರೆಯಾಗದಿದ್ದರೂ, ನಾಲ್ಕು ಬೈಟ್‌ಗಳಿಗಾಗಿ ಪೂರ್ತಿ ಬೇರೆ ಹ್ಯಾಶ್ ಪಡೆಯುತ್ತವೆ. "ಜೀಜಿಪ್ -ಎನ್" ಎಂದು ಬಳಸಿದರೆ ಸಮಯವೂ ಹೆಸರೂ ಬಿಟ್ಟುಹೋಗಿ ಹ್ಯಾಶ್ ಸ್ಥಿರವಾಗುತ್ತದೆ. ಪೈಥಾನ್‌ನ ಜೀಜಿಪ್‌ಫೈಲ್ ಬಳಸುವವರು "ಎಂಟೈಮ್" ಮೌಲ್ಯವನ್ನು ಸೊನ್ನೆಗೆ ನಿಗದಿಪಡಿಸಬೇಕು. ಟಾರ್ ಕಟ್ಟುಗಳಲ್ಲಿಯೂ ಕಡತಗಳ ಕ್ರಮ, ಸಮಯ, ಮಾಲೀಕರ ಹೆಸರು ಇವನ್ನೆಲ್ಲ ಹೀಗೆಯೇ ನಿಗದಿಪಡಿಸಬೇಕಾಗುತ್ತದೆ.

ಎಕ್ಸೆಲ್ ಕಡತ ಒಳಗೊಳಗೆ ಒಂದು ಜಿಪ್ ಕಟ್ಟು. ಏನನ್ನೂ ತಿದ್ದದೆ ಸುಮ್ಮನೆ ಉಳಿಸಿದರೂ ಬೈಟ್‌ಗಳು ಬದಲಾಗಬಹುದು. ಕೋಷ್ಟಕಗಳನ್ನು ಸಿಎಸ್‌ವಿಯಾಗಿ ಇಡಿ. ಸಾಲುಗಳ ಕ್ರಮವನ್ನು ಸ್ಥಿರಗೊಳಿಸಲು ಒಂದು ಕಾಲಂ ಆಧಾರದಲ್ಲಿ ವಿಂಗಡಿಸಿ, ಆದರೆ ವಿಂಗಡಣೆಯ ಕ್ರಮವು ಯಂತ್ರದ ಭಾಷಾ ಸಂಯೋಜನೆಯನ್ನು ಅವಲಂಬಿಸುವುದರಿಂದ "ಎಲ್‌ಸಿ_ಆಲ್" ಚರಮೌಲ್ಯವನ್ನು "ಸಿ" ಎಂದು ಮಾಡಿಕೊಂಡೇ ವಿಂಗಡಿಸಿ. ವಿಂಡೋಸ್‌ನಲ್ಲಿ ಗಿಟ್ ಸಾಲಿನ ಕೊನೆಯ ಗುರುತುಗಳನ್ನು ತಾನಾಗಿ ಬದಲಿಸಿಬಿಡುವ ಸಂಭವವಿದೆ. ಯಾವ ಕಡತವನ್ನು ಗಿಟ್ ಹೇಗೆ ನೋಡಬೇಕೆಂದು ಹೇಳುವ ಗಿಟ್ಆಟ್ರಿಬ್ಯೂಟ್ಸ್ ಕಡತದಲ್ಲಿ ದತ್ತಾಂಶದ ವಿಸ್ತರಣೆಯ ಮುಂದೆ "-ಟೆಕ್ಸ್ಟ್" ಎಂದು ಬರೆದು ಅದನ್ನು ತಡೆಯಿರಿ.

ಕನ್ನಡದಲ್ಲಿ ಕಡತದ ಹೆಸರು ಅಥವಾ ಕಾಲಂ ಹೆಸರು ಇಡುವವರಿಗೆ ಇನ್ನೊಂದು ಬಲೆ ಇದೆ. "ಕೋಷ್ಟಕ" ಎಂಬ ಪದದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘದ ಗುರುತು ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಯುಟಿಎಫ್-8ರಲ್ಲಿ ಮೊದಲನೆಯದು 18 ಬೈಟ್, ಎರಡನೆಯದು 24 ಬೈಟ್. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಕಡತದ ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಡುತ್ತಿತ್ತು. ದತ್ತಾಂಶದೊಳಗಿನ ಕನ್ನಡ ಪಠ್ಯವನ್ನು ಸೇರಿಸುವ ಮುನ್ನ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದುಕೊಳ್ಳಿ, ಇಲ್ಲದಿದ್ದರೆ ಎರಡು ಕೋಷ್ಟಕಗಳನ್ನು ಹೆಸರಿನ ಆಧಾರದಲ್ಲಿ ಜೋಡಿಸುವಾಗ ಅರ್ಧ ಸಾಲುಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ.

ರೆಪೊಸಿಟರಿಯನ್ನು ಕಟ್ಟುವುದು

ಮೂಲ ದತ್ತಾಂಶ, ಕೋಡ್, ಫಲಿತಾಂಶ ಇವುಗಳಿಗೆ ಮೂರು ಬೇರೆ ಫೋಲ್ಡರ್‌ಗಳಿರಲಿ. ಮೂಲ ದತ್ತಾಂಶದ ಫೋಲ್ಡರ್‌ಗೆ ಯಾವ ಸ್ಕ್ರಿಪ್ಟ್ ಕೂಡ ಬರೆಯಬಾರದು. ತಿದ್ದುಪಡಿ ಬೇಕಿದ್ದರೆ ಅದೂ ಒಂದು ಸ್ಕ್ರಿಪ್ಟ್ ಆಗಿ, ಅದರ ಫಲ ಮೂರನೆಯ ಫೋಲ್ಡರ್‌ನಲ್ಲಿ ಇರಬೇಕು. ಕಾಲಂಗಳ ಅರ್ಥ, ಅಳತೆಯ ಮಾನ, ಇಲ್ಲದ ಮೌಲ್ಯವನ್ನು ಹೇಗೆ ಬರೆದಿದೆ ಎಂಬುದು, ಬಳಕೆಯ ಪರವಾನಗಿ ಇವಿಷ್ಟನ್ನು ಒಂದು ರೀಡ್‌ಮಿ ಕಡತದಲ್ಲಿ ಹೇಳಿ.

ಬಳಿಕ ಕ್ರಮವಾಗಿ "ಗಿಟ್ ಇನಿಟ್", "ಗಿಟ್ ಅನೆಕ್ಸ್ ಇನಿಟ್" ಕೊಡಿ. ಎರಡನೆಯದರ ಜೊತೆ ಈ ಪ್ರತಿಗೆ ಗುರುತು ಸಿಗುವಂಥ ಹೆಸರನ್ನು ಕೊಡುವುದು ಒಳ್ಳೆಯದು. ಮೂರು ವರ್ಷದ ಮೇಲೆ ಪ್ರತಿಗಳ ಪಟ್ಟಿ ನೋಡುವಾಗ "ಮೇಜಿನ ಕಂಪ್ಯೂಟರ್" ಎಂಬ ಹೆಸರಿನಿಂದ ಆಗುವ ಉಪಕಾರ ಅನೆಕ್ಸ್ ಪ್ರತಿಯೊಂದು ಪ್ರತಿಗೂ ತಾನಾಗಿ ಕೊಡುವ 36 ಅಕ್ಷರಗಳ ಗುರುತಾದ ಯುಯುಐಡಿಯಿಂದ ಆಗದು.

ಯಾವುದು ಗಿಟ್‌ಗೆ, ಯಾವುದು ಅನೆಕ್ಸ್‌ಗೆ ಎಂಬ ನಿಯಮವನ್ನು ಗಿಟ್ಆಟ್ರಿಬ್ಯೂಟ್ಸ್ ಕಡತದಲ್ಲಿ "ಅನೆಕ್ಸ್.ಲಾರ್ಜ್‌ಫೈಲ್ಸ್" ಎಂಬ ಗುಣದ ಮೂಲಕ ಬರೆಯಿರಿ: 100 ಕೆಬಿಗಿಂತ ದೊಡ್ಡದೆಲ್ಲ ಅನೆಕ್ಸ್‌ಗೆ, ಸ್ಕ್ರಿಪ್ಟ್‌ಗಳು ಎಷ್ಟೇ ದೊಡ್ಡದಾದರೂ ಗಿಟ್‌ಗೆ. ಈ ನಿಯಮ ಮೊದಲ ಕಡತ ಸೇರುವ ಮುನ್ನವೇ ಇರಬೇಕು. ನಂತರ "ಗಿಟ್ ಅನೆಕ್ಸ್ ಆಡ್" ಕೊಟ್ಟು ಕಮಿಟ್ ಮಾಡಿ.

ಈಗ ದತ್ತಾಂಶದ ಫೋಲ್ಡರ್‌ನಲ್ಲಿ "ಎಲ್‌ಎಸ್ -ಎಲ್" ಕೊಟ್ಟು ನೋಡಿ. ಕಡತದ ಹೆಸರಿನ ಮುಂದೆ ಒಂದು ಬಾಣ, ಅದರಾಚೆ ಗಿಟ್ ಫೋಲ್ಡರ್‌ನ ಒಳಗಿನ ಅನೆಕ್ಸ್‌ಗೆ ಹೋಗುವ ಉದ್ದನೆಯ ದಾರಿ ಕಾಣುತ್ತದೆ. ಕಡತ ಈಗ ಒಂದು ಸಿಂಬಾಲಿಕ್ ಲಿಂಕ್. ಅದು ತೋರಿಸುವ ಹೆಸರಿನಲ್ಲಿ ಹ್ಯಾಶ್‌ನ ಬಗೆ, ಬೈಟ್‌ಗಳಲ್ಲಿ ಗಾತ್ರ, ಹ್ಯಾಶ್, ಕಡತದ ವಿಸ್ತರಣೆ ಎಲ್ಲವೂ ಸೇರಿವೆ. ಗಿಟ್ ಕಮಿಟ್ ಮಾಡಿದ್ದು ಈ ಲಿಂಕ್ ಅನ್ನು ಮಾತ್ರ. ಅಸಲು ವಸ್ತು ಓದಲಷ್ಟೇ ತೆರೆದಿದೆ, ಸ್ಕ್ರಿಪ್ಟ್ ಒಂದು ಕೈತಪ್ಪಿ ಮೇಲೆ ಬರೆಯಲು ಹೋದರೆ ಅನುಮತಿ ಇಲ್ಲವೆಂಬ ದೋಷ ಬರುತ್ತದೆ. ಹೊಸಬರು ಇದನ್ನು ತೊಂದರೆ ಎಂದುಕೊಳ್ಳುತ್ತಾರೆ. ನಿಜವಾಗಿ ತಿದ್ದಬೇಕಾದಾಗ "ಗಿಟ್ ಅನೆಕ್ಸ್ ಅನ್‌ಲಾಕ್" ಇದೆ.

ಪ್ರತಿಗಳ ಲೆಕ್ಕ

ಎರಡನೆಯ ಪ್ರತಿ ಇಲ್ಲದ ದತ್ತಾಂಶವನ್ನು ಹಂಚುವ ಮಾತು ಬೇಡ. "ಗಿಟ್ ಅನೆಕ್ಸ್ ಇನಿಟ್‌ರಿಮೋಟ್" ಆದೇಶದಿಂದ ಹೊರಗಿನ ಡಿಸ್ಕ್, ಆರ್‌ಸಿಂಕ್ ಸರ್ವರ್, ಎಸ್3 ಬಕೆಟ್, ವೆಬ್‌ಡ್ಯಾವ್ ಹೀಗೆ ಯಾವುದನ್ನಾದರೂ ಉಗ್ರಾಣವಾಗಿ ಜೋಡಿಸಬಹುದು. ಗಿಟ್ ಅರಿಯದ ಇಂಥ ಜಾಗಗಳಿಗೆ ಸ್ಪೆಷಲ್ ರಿಮೋಟ್ ಎಂದು ಹೆಸರು. ಆದೇಶದಲ್ಲಿ "ಆಟೋಎನೇಬಲ್" ಅನ್ನು "ಟ್ರೂ" ಎಂದು ಕೊಟ್ಟರೆ ಕ್ಲೋನ್ ಮಾಡುವವರಿಗೆ ಅದು ತಾನಾಗಿ ಜೋಡಣೆಯಾಗುತ್ತದೆ. ಜಾಗ ಬೇರೆಯವರದಾಗಿದ್ದು ದತ್ತಾಂಶ ಗೋಪ್ಯವಾಗಿದ್ದರೆ "ಎನ್‌ಕ್ರಿಪ್ಶನ್" ಅನ್ನು "ಹೈಬ್ರಿಡ್" ಎಂದು ಕೊಡಿ. ಆಗ ಒಳವಸ್ತುವಿನ ಜೊತೆ ಹೆಸರುಗಳೂ ಗೂಢವಾಗುತ್ತವೆ.

ಬಳಿಕ "ಗಿಟ್ ಅನೆಕ್ಸ್ ನಮ್‌ಕಾಪೀಸ್ 2" ಎಂದು ಕೊಡಿ. ಡೀಫಾಲ್ಟ್ ಸಂಖ್ಯೆ ಒಂದು, ಅದು ಸಾಲದು. "ಗಿಟ್ ಅನೆಕ್ಸ್ ಕಾಪಿ" ಮೂಲಕ ಪ್ರತಿ ಕಳಿಸಿ, "ಗಿಟ್ ಅನೆಕ್ಸ್ ವೇರ್‌ಈಸ್" ಕೊಟ್ಟು ಯಾವ ಕಡತ ಎಲ್ಲೆಲ್ಲಿದೆ ಎಂದು ನೋಡಿ. ಲ್ಯಾಪ್‌ಟಾಪ್‌ನಲ್ಲಿ ಜಾಗ ಬೇಕೆಂದು "ಗಿಟ್ ಅನೆಕ್ಸ್ ಡ್ರಾಪ್" ಕೊಟ್ಟರೆ ಅನೆಕ್ಸ್ ತನ್ನ ದಾಖಲೆಯನ್ನು ನಂಬಿ ಸುಮ್ಮನಾಗುವುದಿಲ್ಲ: ಉಳಿದ ಜಾಗಗಳನ್ನು ಆ ಕ್ಷಣವೇ ಸಂಪರ್ಕಿಸಿ, ಬೇರೆಡೆ ಎರಡು ಪ್ರತಿ ಇರುವುದು ಖಚಿತವಾದ ಮೇಲಷ್ಟೇ ಅಳಿಸುತ್ತದೆ, ಇಲ್ಲವಾದರೆ ಅಳಿಸಲೊಲ್ಲೆ ಎನ್ನುತ್ತದೆ. ಆಗ "ಫೋರ್ಸ್" ಆಯ್ಕೆಯತ್ತ ಕೈ ಹೋಗುವುದು ಸಹಜ. ಅದನ್ನು ಬಳಸುವ ಮೊದಲು ಡಿಸ್ಕ್ ಜೋಡಿಸಿದ್ದೀರಾ ಎಂದು ನೋಡಿ, ಹತ್ತರಲ್ಲಿ ಒಂಬತ್ತು ಸಲ ಕಾರಣ ಅದೇ ಆಗಿರುತ್ತದೆ. ಕೆಟ್ಟುಹೋದ ಡಿಸ್ಕ್ ಅನ್ನು "ಡೆಡ್" ಎಂದು ಘೋಷಿಸಿದರೆ ಅದರಲ್ಲಿನ ಪ್ರತಿಗಳು ಲೆಕ್ಕದಿಂದ ಬಿಡುತ್ತವೆ.

ಹಂಚುವುದು

ಪ್ರತಿಗಳ ಈ ಲೆಕ್ಕವೆಲ್ಲ "ಗಿಟ್-ಅನೆಕ್ಸ್" ಎಂಬ ಹೆಸರಿನ ಪ್ರತ್ಯೇಕ ಬ್ರಾಂಚ್‌ನಲ್ಲಿ ಇರುತ್ತದೆ. ಅಲ್ಲಿ ಪ್ರತಿ ವಸ್ತುವಿಗೆ ಒಂದು ಪುಟ್ಟ ಕಡತ. ಅದರ ಪ್ರತಿ ಸಾಲಿನಲ್ಲಿ ಸಮಯ, ಇದೆ ಎಂಬುದಕ್ಕೆ 1 ಅಥವಾ ಇಲ್ಲ ಎಂಬುದಕ್ಕೆ 0, ಜಾಗದ ಯುಯುಐಡಿ. ಇಬ್ಬರು ಬೇರೆ ಬೇರೆ ಕಡೆ ಬದಲಾವಣೆ ಮಾಡಿದರೂ ಸಾಲುಗಳನ್ನು ಒಟ್ಟುಗೂಡಿಸಿ ಹೊಸ ಸಮಯದ್ದನ್ನು ಆರಿಸಿಕೊಂಡರೆ ಸಾಕು, ಸಂಘರ್ಷವೇ ಹುಟ್ಟುವುದಿಲ್ಲ.

ಈ ಬ್ರಾಂಚ್ ನನ್ನನ್ನು ಒಮ್ಮೆ ಚೆನ್ನಾಗಿ ಸತಾಯಿಸಿದೆ. ಮುಖ್ಯ ಬ್ರಾಂಚ್ ಅನ್ನು ಎಂದಿನಂತೆ ಪುಶ್ ಮಾಡಿ, ಎಲ್ಲವೂ ಅಲ್ಲಿದೆ ಎಂದು ಸಹೋದ್ಯೋಗಿಯೊಬ್ಬರಿಗೆ ಬರೆದೆ. ಅವರು ಕ್ಲೋನ್ ಮಾಡಿದರು. ಕಡತಗಳ ಹೆಸರೆಲ್ಲ ಕಾಣುತ್ತಿತ್ತು, ಯಾವುದನ್ನು ತೆರೆದರೂ ಅಂಥ ಕಡತವಿಲ್ಲ ಎಂಬ ದೋಷ ಬರುತ್ತಿತ್ತು, "ಗಿಟ್ ಅನೆಕ್ಸ್ ಗೆಟ್" ಕೊಟ್ಟರೆ ಪ್ರತಿ ಎಲ್ಲಿದೆಯೋ ತಿಳಿಯದು ಎನ್ನುತ್ತಿತ್ತು. ಒಂದು ಸಂಜೆ ಪೂರ್ತಿ ಕೀಲಿ, ಅನುಮತಿ, ನೆಟ್‌ವರ್ಕ್ ಎಲ್ಲವನ್ನೂ ಶೋಧಿಸಿದ ಮೇಲೆ ಹೊಳೆದದ್ದು: ವಸ್ತು ಉಗ್ರಾಣದಲ್ಲಿತ್ತು, ಅದು ಅಲ್ಲಿದೆ ಎಂದು ಹೇಳುವ ಬ್ರಾಂಚ್ ನನ್ನ ಯಂತ್ರದಲ್ಲೇ ಉಳಿದಿತ್ತು. ಹಾಗಾಗಿ ಎರಡೂ ಬ್ರಾಂಚ್‌ಗಳನ್ನು ಹೆಸರಿಸಿ ಪುಶ್ ಮಾಡಿ, ಅಥವಾ "ಗಿಟ್ ಅನೆಕ್ಸ್ ಸಿಂಕ್" ಬಳಸಿ. ಮೊದಲು ವಸ್ತುವನ್ನು ಕಾಪಿ ಮಾಡಿ, ಆಮೇಲೆ ಸಿಂಕ್ ಮಾಡಿ. ಈ ಕ್ರಮ ತಿರುವುಮುರುವಾದರೆ ಹಂಚಿದ ದಾಖಲೆ ವಾಸ್ತವಕ್ಕಿಂತ ಒಂದು ಹೆಜ್ಜೆ ಹಿಂದಿರುತ್ತದೆ.

ಗಿಟ್‌ಹಬ್ ಅನೆಕ್ಸ್‌ನ ವಸ್ತುವನ್ನು ಇಟ್ಟುಕೊಳ್ಳುವುದಿಲ್ಲ, ಲಿಂಕ್ ಮತ್ತು ಲೆಕ್ಕವನ್ನಷ್ಟೇ ಇಟ್ಟುಕೊಳ್ಳುತ್ತದೆ. ಅದು ಸಾಕು.

ಬೇರೆಯವರಿಗೆ ದತ್ತಾಂಶದ ಆವೃತ್ತಿ ತಿಳಿಸುವಾಗ ಬ್ರಾಂಚ್ ಹೆಸರನ್ನಾಗಲಿ ಬರಿಯ ಟ್ಯಾಗ್ ಅನ್ನಾಗಲಿ ಕೊಡಬೇಡಿ, ಏಕೆಂದರೆ ಎರಡನ್ನೂ ಆಮೇಲೆ ಬೇರೆ ಕಮಿಟ್‌ಗೆ ಸರಿಸಬಹುದು. ಪೂರ್ಣ 40 ಅಕ್ಷರಗಳ ಕಮಿಟ್ ಹ್ಯಾಶ್ ಕೊಡಿ.

ಹೇಗೆ ತಯಾರಾಯಿತು ಎಂಬ ದಾಖಲೆ

ಫಲಿತಾಂಶದ ಕಡತ ಯಾವ ಆದೇಶದಿಂದ ಹುಟ್ಟಿತು ಎಂಬುದನ್ನು ಕೈಯಿಂದ ಬರೆದಿಡುವ ಸಂಕಲ್ಪ ಎರಡು ವಾರ ನಿಲ್ಲುತ್ತದೆ. ಗಿಟ್-ಅನೆಕ್ಸ್ ಮೇಲೆಯೇ ಕಟ್ಟಿರುವ ಡೇಟಾಲ್ಯಾಡ್ ಈ ಕೆಲಸವನ್ನು ತಾನೇ ಮಾಡುತ್ತದೆ. "ಡೇಟಾಲ್ಯಾಡ್ ರನ್" ಆದೇಶಕ್ಕೆ ಸಂದೇಶ, ಒಳಬರುವ ಕಡತಗಳು, ಹೊರಬರುವ ಕಡತಗಳು, ಕೊನೆಗೆ ಓಡಿಸಬೇಕಾದ ಸ್ಕ್ರಿಪ್ಟ್ ಇಷ್ಟನ್ನು ಕೊಡಿ. ಅದು ಬೇಕಾದ ದತ್ತಾಂಶವನ್ನು ತರಿಸಿಕೊಂಡು, ಹೊರಬರುವ ಕಡತಗಳ ಬೀಗ ತೆಗೆದು, ಸ್ಕ್ರಿಪ್ಟ್ ಓಡಿಸಿ, ಫಲವನ್ನು ಕಮಿಟ್ ಮಾಡುತ್ತದೆ; ಕಮಿಟ್ ಸಂದೇಶದ ಕೆಳಗೆ ಆದೇಶ, ಕಡತಗಳ ಪಟ್ಟಿ, ನಿರ್ಗಮನ ಸಂಕೇತ ಎಲ್ಲವನ್ನೂ ಯಂತ್ರ ಓದಬಲ್ಲ ಜೇಸನ್ ರೂಪದಲ್ಲಿ ಸೇರಿಸುತ್ತದೆ. ಮುಂದೆ ಯಾರಾದರೂ "ಡೇಟಾಲ್ಯಾಡ್ ರೀರನ್" ಎಂದು ಆ ಕಮಿಟ್‌ನ ಹ್ಯಾಶ್ ಕೊಟ್ಟರೆ ಅದೇ ಆದೇಶ ಮತ್ತೆ ಓಡುತ್ತದೆ. ಫಲ ಬೈಟ್ ಬೈಟ್‌ಗೂ ಹೊಂದಿದರೆ ಹೊಸ ಕಮಿಟ್ ಹುಟ್ಟುವುದಿಲ್ಲ. ಜೀಜಿಪ್‌ನ ಆ ನಾಲ್ಕು ಬೈಟ್‌ಗಳಿಗಾಗಿ ಅಷ್ಟು ತಲೆ ಕೆಡಿಸಿಕೊಂಡದ್ದು ಈ ಮೌನಕ್ಕಾಗಿಯೇ.

ಯಾದೃಚ್ಛಿಕ ಸಂಖ್ಯೆಗಳಿದ್ದರೆ ಬೀಜಮೌಲ್ಯವನ್ನು ಸ್ಕ್ರಿಪ್ಟ್‌ನಲ್ಲಿಯೇ ಬರೆಯಿರಿ. ಲೈಬ್ರರಿಗಳ ಆವೃತ್ತಿಗಳನ್ನು ಲಾಕ್ ಕಡತದಲ್ಲಿ ಕಟ್ಟಿಹಾಕಿ. ಕಂಟೈನರ್ (ಪ್ರೋಗ್ರಾಮ್ ಮತ್ತು ಅದರ ಪರಿಸರವನ್ನು ಒಟ್ಟಿಗೆ ಕಟ್ಟಿದ ಪೊಟ್ಟಣ) ಬಳಸುವುದಾದರೆ ಟ್ಯಾಗ್ ಬದಲು ಡೈಜೆಸ್ಟ್, ಎಂದರೆ ಅದರ ಹ್ಯಾಶ್, ಬಳಸಿ. ಇಷ್ಟಾದರೂ ಸಮಾಂತರವಾಗಿ ಓಡುವ ಲೆಕ್ಕಗಳಲ್ಲಿ ದಶಮಾಂಶ ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾಗಿ ಕೊನೆಯ ಅಂಕಿಗಳು ಜಾರುವುದುಂಟು. ಅಂಥ ಕಡೆ ಬೈಟ್ ಸಮಾನತೆಯ ಹಟ ಹಿಡಿಯದೆ, ಎಷ್ಟು ವ್ಯತ್ಯಾಸ ಸಹ್ಯ ಎಂಬುದನ್ನು ರೀಡ್‌ಮಿಯಲ್ಲಿ ಹೇಳಿ, ಅದನ್ನು ಪರೀಕ್ಷಿಸುವ ಒಂದು ಪುಟ್ಟ ಸ್ಕ್ರಿಪ್ಟ್ ಇಡುವುದೇ ಪ್ರಾಮಾಣಿಕ ಮಾರ್ಗ.

ಖಾಲಿ ಯಂತ್ರದ ಪರೀಕ್ಷೆ

ಬೇರೆ ಯಂತ್ರದಲ್ಲಿ, ಅದಿಲ್ಲದಿದ್ದರೆ ಬೇರೆ ಬಳಕೆದಾರರ ಖಾತೆಯಲ್ಲಿ ಅಥವಾ ಕಂಟೈನರ್‌ನಲ್ಲಿ, ಹಂಚಿದ ವಿಳಾಸದಿಂದಲೇ ಕ್ಲೋನ್ ಮಾಡಿ, ಗೆಟ್ ಕೊಡಿ, ರೀರನ್ ಕೊಡಿ, ಕೊನೆಗೆ "ಗಿಟ್ ಸ್ಟೇಟಸ್" ಖಾಲಿ ಬರಬೇಕು. ನಿಮ್ಮದೇ ಖಾತೆಯ ಇನ್ನೊಂದು ಫೋಲ್ಡರ್‌ನಲ್ಲಿ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ: ಸ್ಕ್ರಿಪ್ಟ್‌ನಲ್ಲಿ ಉಳಿದುಹೋದ ಪೂರ್ಣ ದಾರಿ ನಿಮ್ಮ ಹಳೆಯ ಕಡತವನ್ನೇ ಓದಿ, ಎಲ್ಲವೂ ಸರಿ ಎಂದು ತೋರಿಸಿಬಿಡುತ್ತದೆ.

ಆಗಾಗ "ಗಿಟ್ ಅನೆಕ್ಸ್ ಎಫ್‌ಎಸ್‌ಸಿಕೆ" ಕೊಡಿ. ಅದು ಪ್ರತಿ ವಸ್ತುವಿನ ಹ್ಯಾಶ್ ಅನ್ನು ಮತ್ತೆ ಲೆಕ್ಕ ಹಾಕಿ, ಕೆಟ್ಟ ಪ್ರತಿಯನ್ನು ಪಕ್ಕಕ್ಕೆ ಸರಿಸಿ, ಲೆಕ್ಕವನ್ನು ತಿದ್ದುತ್ತದೆ; ಬೇರೆಡೆಯ ಒಳ್ಳೆಯ ಪ್ರತಿಯಿಂದ ಮತ್ತೆ ತರಿಸಿಕೊಳ್ಳಬಹುದು.

ಹಿಂತೆಗೆದುಕೊಳ್ಳಬೇಕಾದಾಗ, ಶಾಶ್ವತವಾಗಿ ಇಡಬೇಕಾದಾಗ

ವೈಯಕ್ತಿಕ ಮಾಹಿತಿಯಿರುವ ಕಡತ ಗಿಟ್‌ನ ಒಳಗೇ ಕಮಿಟ್ ಆಗಿಬಿಟ್ಟಿದ್ದರೆ "ಗಿಟ್ ಫಿಲ್ಟರ್-ರೆಪೊ" ಸಲಕರಣೆಯಿಂದ ಚರಿತ್ರೆಯನ್ನೇ ಮರುಬರೆಯಬೇಕು. ಆ ಕಡತ ಸೇರಿದ ಕಮಿಟ್‌ನಿಂದ ಮುಂದಿನ ಎಲ್ಲ ಕಮಿಟ್ ಹ್ಯಾಶ್‌ಗಳೂ ಬದಲಾಗುತ್ತವೆ, ಮತ್ತು ಈಗಾಗಲೇ ಆಗಿರುವ ಕ್ಲೋನ್‌ಗಳು ನಿಮ್ಮ ಕೈಯಲ್ಲಿಲ್ಲ. ಅನೆಕ್ಸ್‌ನಲ್ಲಿದ್ದರೆ ಕೆಲಸ ಹಗುರ: ನಿಮ್ಮ ಹಿಡಿತದಲ್ಲಿರುವ ಜಾಗಗಳಿಂದ ವಸ್ತುವನ್ನು ಅಳಿಸಿದರೆ ಚರಿತ್ರೆ ಹಾಗೆಯೇ ಉಳಿಯುತ್ತದೆ. ಆದರೆ ಕಡತದ ಹೆಸರು, ಗಾತ್ರ, ಹ್ಯಾಶ್ ಉಳಿದೇ ಇರುತ್ತವೆ ಎಂಬುದನ್ನು ಮರೆಯಬೇಡಿ. ಒಳಗಿದ್ದದ್ದು ಒಂದೇ ಒಂದು ದೂರವಾಣಿ ಸಂಖ್ಯೆಯಂಥ ಚಿಕ್ಕ ವಸ್ತುವಾಗಿದ್ದರೆ, ಸಾಧ್ಯವಿರುವ ಸಂಖ್ಯೆಗಳನ್ನೆಲ್ಲ ಹ್ಯಾಶ್ ಮಾಡಿ ಹೋಲಿಸುತ್ತ ಅದನ್ನು ಕಂಡುಹಿಡಿಯಬಹುದು.

ಪ್ರಕಟಣೆಗೆ ಶಾಶ್ವತ ಗುರುತು ಬೇಕಿದ್ದರೆ ಜೆನೊಡೊದಂಥ ಸಂಗ್ರಹಾಗಾರವಿದೆ. ಯುರೋಪಿನ ಕಣಭೌತ ಸಂಶೋಧನಾ ಸಂಸ್ಥೆ ಸರ್ನ್ 2013ರಲ್ಲಿ ಆರಂಭಿಸಿದ ಅದು ಪ್ರತಿ ದಾಖಲೆಗೆ ಡಿಒಐ ಕೊಡುತ್ತದೆ. ಅಲ್ಲಿಗೆ ಗಿಟ್‌ಹಬ್ ತಯಾರಿಸಿಕೊಡುವ ಜಿಪ್ ಅನ್ನು ಕಳಿಸಬೇಡಿ, "ಗಿಟ್ ಆರ್ಕೈವ್" ಕಟ್ಟುವ ಕಡತವನ್ನೂ ಕಳಿಸಬೇಡಿ. ಎರಡರಲ್ಲೂ ಅನೆಕ್ಸ್‌ನ ಕಡತಗಳು ಮುರಿದ ಲಿಂಕ್‌ಗಳಾಗಿಯೇ ಹೋಗುತ್ತವೆ. "ಡೇಟಾಲ್ಯಾಡ್ ಎಕ್ಸ್‌ಪೋರ್ಟ್-ಆರ್ಕೈವ್" ಬಳಸಿದರೆ ಲಿಂಕ್ ಇದ್ದಲ್ಲಿ ಅಸಲು ವಸ್ತು ಸೇರುತ್ತದೆ. ಕಳಿಸುವ ಮುನ್ನ ಕಟ್ಟಿನ ಗಾತ್ರವನ್ನೊಮ್ಮೆ ನೋಡಿ: 12 ಜಿಬಿ ದತ್ತಾಂಶದ ಕಟ್ಟು 40 ಕೆಬಿ ತೂಗುತ್ತಿದ್ದರೆ ಅದನ್ನು ಇನ್ನೂ ಕಳಿಸುವಂತಿಲ್ಲ.